ನಾನು ನೋಡದ ಹಾಲಿವುಡ್ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯ

ಈಚೆಗೆ ನನ್ನ ಅಂಗಡಿಯಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಕಿವಿಯ ಮೇಲೆ ಇನ್ನೂ ಸ್ವಲ್ಪ ಸಣ್ಣಗೆ ಮಾಡಲೇ, ಮೀಸೆ ಹೀಗೇ ಇರಲೇ ಎಂದು ನಾನೇ ಅವರ ಅಭಿಪ್ರಾಯ ಕೇಳಿಕೊಂಡು ಸುಮ್ಮನೆ ಕತ್ತರಿಯಾಡಿಸುತ್ತೇನೆ. ಇದರಲ್ಲೇನು ವಿಶೇಷ, ಕ್ಷೌರದಂಗಡಿಯವನ ಕೆಲಸವೇ ಅದಲ್ಲವೇ ಎನ್ನುತ್ತೀರಿ. ಆರು ತಿಂಗಳ ಹಿಂದೆ ಬಂದಿದ್ದರೆ ನಿಮಗೇ ಗೊತ್ತಾಗುತ್ತಿತ್ತು. ಆಗ ಇದು ಬರೀ ಕ್ಷೌರದಂಗಡಿಯಾಗಿರಲಿಲ್ಲ, ಹಾಲಿವುಡ್ ಚಿತ್ರಗಳ ಸರ್ವೋಚ್ಚ ನ್ಯಾಯಾಲಯವಾಗಿತ್ತು. ತಿರುಗುವ ಕುರ್ಚಿಯ ಹಿಂದೆ ನಿಂತು ನಾನು ತೀರ್ಪು ಕೊಡುತ್ತಿದ್ದೆ, ಕುರ್ಚಿಯಲ್ಲಿ ಕೂತವರು ಒಪ್ಪುತ್ತಿದ್ದರು. (ಗಂಟಲ ಮೇಲೆ ಕತ್ತಿ ಇರುವಾಗ ವಿಮರ್ಶಕನಿಗೆ ಎದುರಾಡುವವರು ಕಡಿಮೆ.) ಗೋಡೆ ಬದಿಯ ಬೆಂಚಿನಲ್ಲಿ ಸರದಿ ಕಾಯುವವರಿಗೆ ಅಂಥ ಭಯವೇನೂ ಇರಲಿಲ್ಲ, ಆದರೂ ಒಪ್ಪುತ್ತಿದ್ದರು. ತಲೆಯಲ್ಲಿ ಒಂದೆಳೆ ಕೂದಲಿಲ್ಲದ ಸೈಕಲ್ ಅಂಗಡಿಯವನು ಕೂಡ ದಿನಾ ಬಂದು ಕೂರುತ್ತಿದ್ದ.

ನನ್ನ ಹೆಂಡತಿ ಟೈಲರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾಳೆ. ಅಂದರೆ ನಾವಿಬ್ಬರೂ ಕತ್ತರಿಯಿಂದಲೇ ಬದುಕುವವರು. ನಾನು ಕತ್ತರಿಸಿದ್ದನ್ನು ಗುಡಿಸಿ ಬಿಸಾಡುತ್ತೇನೆ, ಅವಳು ಕತ್ತರಿಸಿದ್ದನ್ನು ಮತ್ತೆ ಜೋಡಿಸುತ್ತಾಳೆ, ವ್ಯತ್ಯಾಸ ಅಷ್ಟೇ. ವಾರಕ್ಕೊಂದು ದಿನ ನನ್ನ ಅಂಗಡಿಗೆ ರಜೆ. ಆ ದಿನ ಮಧ್ಯಾಹ್ನ ಇಬ್ಬರೂ ಸೇತುವೆಯಾಚೆಯ ಟಾಕೀಸಿಗೆ ನಡೆದು ಹೋಗುತ್ತೇವೆ. ಅಲ್ಲಿ ಮಧ್ಯಾಹ್ನದ ಆಟಕ್ಕೆ ಇಂಗ್ಲಿಷ್ ಚಿತ್ರವೇ ಗತಿ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾವು ನೋಡಿದ ಹಾಲಿವುಡ್ ಚಿತ್ರಗಳು ಐನೂರಕ್ಕೆ ಕಡಿಮೆಯಿಲ್ಲ.

‘ನಾವು ನೋಡಿದ’ ಎಂದೆನಲ್ಲ, ಅಲ್ಲೊಂದು ಸಣ್ಣ ತಿದ್ದುಪಡಿ ಬೇಕು. ಟಾಕೀಸಿನ ದೀಪ ಆರಿದೊಡನೆ ನಾನೂ ಆರಿಹೋಗುತ್ತೇನೆ. ನನ್ನ ತಪ್ಪಲ್ಲ ಸ್ವಾಮಿ, ವಾರದಲ್ಲಿ ಆರು ದಿನ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುವ ಮನುಷ್ಯ ನಾನು. ಮೆತ್ತನೆಯ ಸೀಟು, ತಂಪು ಗಾಳಿ, ಮೇಲಿಂದ ಕತ್ತಲು, ಇಷ್ಟು ಸಿಕ್ಕಮೇಲೆ ಪರದೆಯ ಮೇಲೆ ಪ್ರಳಯವೇ ಆದರೂ ನನಗೆ ಲೆಕ್ಕಕ್ಕಿಲ್ಲ. ಮಧ್ಯಂತರಕ್ಕೆ ಏಳುತ್ತೇನೆ, ಪಾಪ್‌ಕಾರ್ನ್ ತರುತ್ತೇನೆ, ಅದರಲ್ಲಿ ಅರ್ಧ ತಿನ್ನುವಷ್ಟರಲ್ಲಿ ಮತ್ತೆ ದೀಪ ಆರುತ್ತದೆ.

ಮನೆಗೆ ವಾಪಸು ಬರಲು ಇಪ್ಪತ್ತು ನಿಮಿಷದ ದಾರಿ. ಟಾಕೀಸಿನ ಗೇಟು ದಾಟುತ್ತಿದ್ದಂತೆ ನಾನು ಕೇಳುತ್ತಿದ್ದೆ:

“ಏನಾಯ್ತೇ ಕೊನೆಗೆ?”

“ಕೊನೆಗಲ್ಲ, ಮೊದಲಿಂದ ಹೇಳ್ತೀನಿ. ನಿಮಗೆ ಮೊದಲೂ ಗೊತ್ತಿಲ್ವಲ್ಲ,” ಎಂದು ಅವಳು ಶುರುಮಾಡುತ್ತಿದ್ದಳು.

ಆಹಾ, ಎಂಥ ಕಥೆಗಳು! ಊರನ್ನೆಲ್ಲ ತುಳಿದು ಹಾಕುವ ಮಹಾಮೃಗದ ಚಿತ್ರ ಒಂದಿತ್ತು. ಉಳಿದವರಿಗೆ ಕಂಡದ್ದು ಬೀಳುವ ಕಟ್ಟಡಗಳು. ನನ್ನ ಹೆಂಡತಿ ಹೇಳಿದ್ದೇ ಬೇರೆ. ಆ ಮೃಗಕ್ಕೆ ಮೈಕೈ ನೋವು, ಮಲಗಲು ಒಂದು ಜಾಗ ಹುಡುಕುತ್ತಿದೆ, ಅಷ್ಟು ದೊಡ್ಡ ಊರಿನಲ್ಲಿ ಅದಕ್ಕೆ ಒಂದು ಅಂಗಳ ಬಿಟ್ಟುಕೊಡುವವರಿಲ್ಲ. “ಮೃಗದ್ದೇನೂ ತಪ್ಪಿಲ್ಲ ಕಣ್ರೀ, ಅಷ್ಟು ಒತ್ತೊತ್ತಾಗಿ ಯಾರಾದ್ರೂ ಮನೆ ಕಟ್ತಾರಾ?” ಎಂದಿದ್ದಳು. ಇನ್ನೊಂದರಲ್ಲಿ ಕಾರಿನ ಹಿಂದೆ ಕಾರು ಓಡುತ್ತದೆ, ಪೊಲೀಸು ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಅವಳ ಪ್ರಕಾರ ಅವರಿಬ್ಬರೂ ಅಣ್ಣತಮ್ಮಂದಿರು. ತಾಯಿಗೆ ಕಾಯಿಲೆ, ಇಬ್ಬರೂ ಹೋಗಬೇಕಾದದ್ದು ಒಂದೇ ಮನೆಗೆ, ಆದರೆ ಮಾತು ಬಿಟ್ಟು ಏಳು ವರ್ಷವಾದ್ದರಿಂದ ಒಂದೇ ಕಾರಿನಲ್ಲಿ ಹೋಗಲು ಮನಸ್ಸಿಲ್ಲ. ಸೇತುವೆಯ ಮೇಲೆ ನಿಂತು ನಾನು ಕಣ್ಣೊರೆಸಿಕೊಂಡದ್ದುಂಟು.

ಮರುದಿನ ಅಂಗಡಿಯಲ್ಲಿ ಇದೆಲ್ಲ ಬೇರೊಂದು ಬಾಯಿಂದ ಹೊರಡುತ್ತಿತ್ತು. “ನನ್ನ ಅಭಿಪ್ರಾಯದಲ್ಲಿ...” ಎಂದು ಆರಂಭಿಸಿ, ಬ್ರಷ್ಷಿನಿಂದ ನೊರೆ ಎಬ್ಬಿಸುತ್ತ, “ಆ ಮೃಗದ್ದೇನೂ ತಪ್ಪಿಲ್ಲ” ಎನ್ನುತ್ತಿದ್ದೆ. ಬೆಂಚು ನಿಟ್ಟುಸಿರು ಬಿಡುತ್ತಿತ್ತು. ಹನ್ನೊಂದು ವರ್ಷ ಅವಳ ಮಾತು ಆಡಿದೆ, ಅವಳ ಹೆಸರೆತ್ತಲಿಲ್ಲ. ಮೊದಲ ಸಲ ಮರೆತೆ, ಎರಡನೇ ಸಲ ನಾಚಿಕೆಯಾಯಿತು, ಮೂರನೇ ಸಲದಿಂದ ಅದು ನನ್ನದೇ ಅನ್ನಿಸತೊಡಗಿತು. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಒಂದು ಸಣ್ಣ ತೊಂದರೆ ಆಗಾಗ ಬರುತ್ತಿತ್ತು. ನನ್ನ ವಿಮರ್ಶೆ ಕೇಳಿ ಚಿತ್ರಕ್ಕೆ ಹೋದವರು ಮುಖ ಸಪ್ಪೆ ಮಾಡಿಕೊಂಡು ಬರುತ್ತಿದ್ದರು. “ಅಣ್ಣ, ಆ ತಾಯಿ ಎಲ್ಲಿ ಬರ್ತಾಳೆ? ನನಗೆ ಕಾಣಿಸ್ಲೇ ಇಲ್ಲ,” ಎಂದು ಅಂಚೆಯವನು ಒಮ್ಮೆ ಕೇಳಿದ. “ನೀನು ನೋಡಿದ್ದು ಕಣ್ಣಲ್ಲಿ. ಒಳಗಣ್ಣು ಬೇಕಪ್ಪಾ, ಒಳಗಣ್ಣು,” ಎಂದೆ. ಪಾಪ, ಅವನು ಒಳಗಣ್ಣಿಗಾಗಿ ಅದೇ ಚಿತ್ರವನ್ನು ಇನ್ನೊಮ್ಮೆ ನೋಡಿಬಂದ.

ಹೀಗೆ ಸುಖವಾಗಿದ್ದ ನ್ಯಾಯಾಲಯಕ್ಕೆ ಒಬ್ಬ ಮೇಷ್ಟ್ರು ಬಂದರು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾಗಿ, ನಮ್ಮ ಬೀದಿಗೆ ಹೊಸದಾಗಿ ಮನೆ ಮಾಡಿದ್ದವರು. ಆ ವಾರ ನಾನು ಒಂದು ಅಂತರಿಕ್ಷದ ಚಿತ್ರದ ತೀರ್ಪು ಓದುತ್ತಿದ್ದೆ. ಅಪ್ಪ ರಾಕೆಟ್ ಹತ್ತುವ ಬೆಳಗ್ಗೆ ಮಗಳಿಗೆ ಜಡೆ ಹಾಕುತ್ತಿರುತ್ತಾನೆ, ಅರ್ಧಕ್ಕೇ ಕರೆ ಬರುತ್ತದೆ, ಜಡೆ ಮುಗಿಸದೆ ಹೊರಡುತ್ತಾನೆ. ಆಮೇಲೆ ಅಲ್ಲಿ ಒಬ್ಬನೇ ತೇಲುತ್ತ, ಮೂರು ಹಗ್ಗ ಹಿಡಿದುಕೊಂಡು ಜಡೆ ಹೆಣೆಯುತ್ತಾನೆ, ಬಿಚ್ಚುತ್ತಾನೆ, ಮತ್ತೆ ಹೆಣೆಯುತ್ತಾನೆ. ಬೆಂಚಿನ ಮೇಲೆ ಅಂಚೆಯವನು ಅಳುತ್ತ ಮೂಗು ಎಳೆದುಕೊಂಡ.

ಮೇಷ್ಟ್ರ ಅರ್ಧ ಕೆನ್ನೆಗೆ ನೊರೆ ಇತ್ತು. ಉಳಿದರ್ಧ ಬಾಯಿಂದಲೇ ಹೇಳಿದರು: “ಆ ಚಿತ್ರ ನಾನೂ ನೋಡಿದೀನಿ. ಅದರಲ್ಲಿ ಮಗಳೇ ಇಲ್ವಲ್ರೀ.”

ಬೆಂಚಿಗೆ ಬೆಂಚೇ ನನ್ನ ಕಡೆ ತಿರುಗಿತು. ಅಲ್ಲಿಗೆ ನಗುತ್ತ ಬಿಟ್ಟುಬಿಟ್ಟಿದ್ದರೆ ಇವತ್ತು ನಾನು ಹೀಗಿರುತ್ತಿರಲಿಲ್ಲ. ಆದರೆ ನನ್ನ ಬಾಯಿ ಕೇಳಬೇಕಲ್ಲ. “ಮೇಷ್ಟ್ರೇ, ಇಂಗ್ಲಿಷ್ ಬರೋದು ಬೇರೆ, ಸಿನಿಮಾ ನೋಡೋದು ಬೇರೆ. ಚಿತ್ರ ಇನ್ನೂ ಓಡ್ತಿದೆ. ರಜೆ ದಿನ ಎಲ್ಲರೂ ಒಟ್ಟಿಗೇ ಹೋಗೋಣ. ಮಗಳನ್ನ ನಾನು ಬೆರಳು ಮಾಡಿ ತೋರಿಸ್ತೀನಿ!” ಎಂದುಬಿಟ್ಟೆ.

ಅಂಚೆಯವನು ಅರ್ಧ ದಿನ ರಜೆ ಹಾಕಿದ. ಸೈಕಲ್ ಅಂಗಡಿಯವನು ಬಾಗಿಲೆಳೆದ. ನೋಡಿದ ಚಿತ್ರಕ್ಕೇ ಮತ್ತೆ ಯಾಕೆ ಎಂದು ಹೆಂಡತಿ ಕೇಳಿದಳು. “ನಿನಗಿಷ್ಟ ಆಯ್ತಲ್ಲ, ಅದಕ್ಕೆ,” ಎಂದೆ. ಅವಳು ಖುಷಿಯಾಗಿ ಹೊಸ ರವಿಕೆ ಹಾಕಿಕೊಂಡಳು. ನನ್ನ ಎದೆಯಲ್ಲಿ ಆಗಲೇ ಏನೋ ಚುಚ್ಚಿತು, ಆದರೆ ಮರ್ಯಾದೆಯ ಪ್ರಶ್ನೆ ನೋಡಿ. ಇವತ್ತು ಕಣ್ಣು ಮುಚ್ಚಬಾರದು ಎಂದು ಬೆಳಗಿನಿಂದ ನಾಲ್ಕು ಲೋಟ ಕಾಫಿ ಕುಡಿದಿದ್ದೆ. ಜೇಬಿನಲ್ಲಿ ಅವಳ ಗುಂಡುಪಿನ್ನೊಂದನ್ನು ಇಟ್ಟುಕೊಂಡಿದ್ದೆ, ತೂಕಡಿಕೆ ಬಂದರೆ ತೊಡೆಗೆ ಚುಚ್ಚಿಕೊಳ್ಳಲು. ನಮ್ಮ ಹಿಂದಿನ ಸಾಲಿನಲ್ಲಿ ಬೆಂಚು ಬೆಂಚೇ ಬಂದು ಕೂತಿತು.

ದೀಪ ಆರಿತು. ರಾಕೆಟ್ಟಿನ ಬಾಲದಲ್ಲಿ ಬೆಂಕಿ ಕಂಡದ್ದು ನೆನಪಿದೆ. ಗುಂಡುಪಿನ್ನು ಎಲ್ಲಿದೆ ಎಂದು ಜೇಬಿಗೆ ಕೈ ಹಾಕಿದ್ದೂ ನೆನಪಿದೆ. ಆಮೇಲೆ ಹೆಂಡತಿ ಭುಜ ಅಲ್ಲಾಡಿಸಿದಳು, ಜನ ಎದ್ದು ಹೊರಗೆ ಹೋಗುತ್ತಿದ್ದರು. ಈ ಸಲ ಮಧ್ಯಂತರಕ್ಕೂ ಎಚ್ಚರವಾಗಿರಲಿಲ್ಲ.

ಟಾಕೀಸಿನ ಅಂಗಳದಲ್ಲಿ, ಸೈಕಲ್ ಸ್ಟ್ಯಾಂಡಿನ ಪಕ್ಕ ನ್ಯಾಯಾಲಯ ಸೇರಿತು. ಮೇಷ್ಟ್ರು ಮೆತ್ತಗೆ ಕೇಳಿದರು: “ಹೇಳಿ, ಮಗಳು ಎಲ್ಲಿ ಬಂದ್ಲು?”

“ಅದೇ... ಮಧ್ಯಂತರ ಆದಮೇಲೆ...”

“ಅಣ್ಣ, ನೀನು ಮೊದಲಿಂದ ಗೊರಕೆ ಹೊಡೀತಿದ್ದೆ,” ಎಂದ ಸೈಕಲ್ ಅಂಗಡಿಯವನು. “ರಾಕೆಟ್ ಸದ್ದು ಯಾವುದು, ನಿನ್ನ ಸದ್ದು ಯಾವುದು ಅಂತ ನಮಗೆ ಗೊತ್ತಾಗ್ಲಿಲ್ಲ.”

ಎಲ್ಲರೂ ನಕ್ಕರು. ನಗದವನು ಅಂಚೆಯವನೊಬ್ಬನೇ. ಅವನು ನನ್ನ ಹೆಂಡತಿಯ ಕಡೆ ತಿರುಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ: “ಅಕ್ಕಾ, ಅವರು ನಗಲಿ ಬಿಡಿ. ಅಣ್ಣ ಆ ಜಡೆ ಕಥೆ ಹೇಳಿದಾಗ ನಾನು ಬೆಂಚಿನ ಮೇಲೆ ಕೂತು ಅತ್ತಿದ್ದೀನಿ. ಮೃಗಕ್ಕೆ ಮಲಗೋಕೆ ಜಾಗ ಇಲ್ಲ ಅಂದ್ರಲ್ಲ, ಅದನ್ನ ನಮ್ಮಮ್ಮಂಗೂ ಹೇಳಿದೀನಿ. ಅಣ್ಣನ ತಲೆ ಅಂದ್ರೆ ತಲೆ!”

ನನ್ನ ಹೆಂಡತಿ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಸಿಕೊಂಡು ರೂಢಿಯಿದೆ. ಅವಳು ಬೈಯಲಿಲ್ಲ. ಅಳತೆ ತಪ್ಪಿದ ಬಟ್ಟೆಯನ್ನು ನೋಡುವಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೇಷ್ಟ್ರ ಕಡೆ ತಿರುಗಿದಳು.

“ಮಗಳು ಇಲ್ಲ ಸಾರ್. ಅದು ನಾನು ಹೇಳಿದ್ದು. ಆ ಮನುಷ್ಯ ಮೂರು ಹಗ್ಗ ಹಿಡ್ಕೊಂಡು ಕಣ್ಣೀರು ಹಾಕ್ತಿದ್ದ. ಬಾಯಿ ಅಲ್ಲಾಡ್ತಿತ್ತು, ಮಾತು ಕೇಳಿಸ್ಲಿಲ್ಲ. ಜಡೆ ಹಾಕ್ತಿದಾನೆ ಅಂದ್ಕೊಂಡೆ.”

“ಅವು ಕರೆಂಟಿನ ವೈರುಗಳು ಅಮ್ಮಾ. ಗಾಳಿಯ ಯಂತ್ರ ರಿಪೇರಿ ಮಾಡ್ತಿದ್ದ. ಆದರೆ ಮಾತು ಯಾಕೆ ಕೇಳಿಸ್ಲಿಲ್ಲ? ಸೌಂಡು ಜೋರಾಗೇ ಇದೆಯಲ್ಲ?”

“ಇವರು ನನ್ನ ಭುಜದ ಮೇಲೇ ತಲೆ ಇಟ್ಟು ಮಲಗ್ತಾರಲ್ಲ ಸಾರ್, ಗೊರಕೆ ನೇರ ಕಿವಿಗೇ ಬರುತ್ತೆ. ಹನ್ನೊಂದು ವರ್ಷದಲ್ಲಿ ಒಂದು ಚಿತ್ರದ ಒಂದು ಮಾತೂ ನಾನು ಕೇಳಿಲ್ಲ. ಬರೀ ಮುಖ ನೋಡ್ತಿದ್ದೆ. ಮಿಕ್ಕಿದ್ದು ನಾನೇ ಹೊಂದಿಸ್ಕೊಳ್ತಿದ್ದೆ.”

ಐನೂರು ಚಿತ್ರಗಳು! ಆ ಅಣ್ಣತಮ್ಮಂದಿರು, ಆ ತಾಯಿ, ಆ ಮೈಕೈ ನೋವಿನ ಮೃಗ, ಯಾರೂ ಹಾಲಿವುಡ್ಡಿನವರಲ್ಲ, ಎಲ್ಲರೂ ನನ್ನ ಹೆಂಡತಿಯ ಕಡೆಯವರು.

“ಎಬ್ಬಿಸಬಾರದಾಗಿತ್ತೇನೇ?” ಎಂದೆ ದಡ್ಡನ ಹಾಗೆ.

“ಆರು ದಿನ ನಿಂತೇ ಇರ್ತಾರೆ, ಅಲ್ಲಾದ್ರೂ ಕೂತು ನಿದ್ದೆ ಮಾಡ್ಲಿ ಅಂತಿದ್ದೆ,” ಎಂದು ಅವಳು ಮೇಷ್ಟ್ರಿಗೇ ಉತ್ತರ ಹೇಳಿದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಅಮ್ಮಾ, ನಾನು ಒಂದೊಂದು ಮಾತೂ ಅರ್ಥ ಮಾಡ್ಕೊಂಡು ಎರಡು ಸಲ ನೋಡಿದೆ. ನಿಮ್ಮದೇ ಚೆನ್ನಾಗಿದೆ,” ಎಂದರು.

ಆ ದಿನ ವಾಪಸು ಬರುವ ಇಪ್ಪತ್ತು ನಿಮಿಷದ ದಾರಿ ಎರಡು ಗಂಟೆಯಷ್ಟಾಯಿತು. ಸೇತುವೆಯ ಮೇಲೆ ಬಂದಾಗ ತಡೆಯಲಾಗದೆ, “ತಪ್ಪಾಯ್ತು ಕಣೇ,” ಎಂದೆ.

“ನೀವು ಅಂಗಡೀಲಿ ಹೇಳಿದ್ದು ತಪ್ಪಲ್ಲ,” ಎಂದಳು. “ಕಥೆ ಇರೋದೇ ಹೇಳೋಕೆ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ‘ನಮ್ಮನೆಯವಳು ಹೇಳಿದ್ಲು’ ಅಂದಿದ್ರೆ ಸಾಕಾಗಿತ್ತು.”

ಇದಕ್ಕೆ ನನ್ನ ಬಳಿ ಅಭಿಪ್ರಾಯವಿರಲಿಲ್ಲ.

ಮರುದಿನವೇ ಅಂಗಡಿಯಲ್ಲಿ ಕುರ್ಚಿಯ ಹಿಂದೆ ನಿಂತು, “ಇದುವರೆಗೆ ಹೇಳಿದ್ದೆಲ್ಲ ನಮ್ಮನೆಯವಳದು,” ಎಂದು ಎಲ್ಲರೆದುರು ಸಾರಿದೆ. “ಅದು ನಿನ್ನೆಯೇ ಗೊತ್ತಾಯ್ತಲ್ಲ, ಸ್ವಲ್ಪ ಬೇಗ ಕ್ಷೌರ ಮುಗಿಸು,” ಎಂದರು. ಈಗ ಬೆಂಚಿನವರು ನನ್ನ ಬಳಿ ತಲೆ ಕೊಟ್ಟು, ಕಥೆಗೆ ನಮ್ಮ ಮನೆಗೆ ಹೋಗುತ್ತಾರೆ. ಹೊಲಿಗೆ ಕೋಣೆಯ ಬಾಗಿಲಲ್ಲಿ ಮೇಷ್ಟ್ರಿಗೊಂದು ಸ್ಟೂಲು, ಮಿಕ್ಕವರಿಗೆ ಮೆಟ್ಟಿಲು. ಬಟ್ಟೆ ಹೊಲಿಸಲು ಬಂದ ಹೆಂಗಸರು ಒಳಗೆ. ಕೆಲವು ಸಲ ನಾನು ಊಟಕ್ಕೆ ಹೋದಾಗ ಕಥೆ ನಡೆಯುತ್ತಿರುತ್ತದೆ. ನಾನು ಬಾಗಿಲಿಗೆ ಬಂದರೆ ಮಿಷನ್ನು ಮತ್ತೆ ಓಡಲು ಶುರುವಾಗುತ್ತದೆ. “ಅನ್ನ ಮುಚ್ಚಿಟ್ಟಿದೀನಿ, ಹಾಕ್ಕೊಳ್ಳಿ,” ಎನ್ನುತ್ತಾಳೆ.

ಟಾಕೀಸಿಗೆ ಈಗಲೂ ಹೋಗುತ್ತೇವೆ. ಆದರೆ ಆ ದಿನದಿಂದ ನನಗೆ ಅಲ್ಲಿ ನಿದ್ದೆ ಬರುವುದಿಲ್ಲ. ಪಕ್ಕದ ಭುಜ ಕಂಡರೆ ಸಂಕೋಚವಾಗುತ್ತದೆ, ನೆಟ್ಟಗೆ ಕೂರುತ್ತೇನೆ. ಹೀಗಾಗಿ ಹನ್ನೊಂದು ವರ್ಷದ ಮೇಲೆ ಹಾಲಿವುಡ್ ಚಿತ್ರಗಳನ್ನು ನಿಜವಾಗಿ ನೋಡುವ ಶಿಕ್ಷೆ ನನಗೆ ಒದಗಿದೆ. ಕಟ್ಟಡ ಬೀಳುತ್ತದೆ, ಕಾರು ಹಾರುತ್ತದೆ, ಮೃಗ ಸುಮ್ಮಸುಮ್ಮನೆ ಕೋಪ ಮಾಡಿಕೊಳ್ಳುತ್ತದೆ. ಯಾರಿಗೂ ತಾಯಿಯಿಲ್ಲ, ಮಗಳಿಲ್ಲ, ಮೈಕೈ ನೋವಿಲ್ಲ. ಅಷ್ಟೊಂದು ಖರ್ಚು ಮಾಡುವ ಜನಕ್ಕೆ ಒಂದು ಕಥೆ ಕಟ್ಟಲು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಇದು ನನ್ನ ಮೊಟ್ಟಮೊದಲ ಸ್ವಂತ ಅಭಿಪ್ರಾಯ, ಆದರೆ ಕೇಳುವವರಿಲ್ಲ.

ದಾರಿಯಲ್ಲಿ ನಾನು ಕೇಳಿಯೇ ಕೇಳುತ್ತೇನೆ: “ಇವತ್ತಿನ ಕಥೆ ಹೇಳೇ.”

“ನೀವೇ ಕಣ್ಣು ಬಿಟ್ಕೊಂಡು ನೋಡಿದ್ರಲ್ಲ. ಎಚ್ಚರ ಇದ್ದೋರಿಗೆ ನಾನೇನು ಹೇಳ್ಲಿ?” ಎಂದು ಮುಂದೆ ನಡೆಯುತ್ತಾಳೆ.

ಈ ಮಾತು ನನ್ನ ತಲೆಯಲ್ಲಿ ಕೆಲಸ ಮಾಡಿತು. ಕಳೆದ ವಾರ ದೀಪ ಆರಿದ ಹತ್ತು ನಿಮಿಷಕ್ಕೇ ನಿಧಾನವಾಗಿ ಜಾರಿ, ತಲೆಯನ್ನು ಅವಳ ಭುಜದ ಮೇಲಿಟ್ಟೆ. ಅವಳು ಭುಜ ಎಳೆದುಕೊಳ್ಳಲಿಲ್ಲ. ಎಷ್ಟು ದಿನವಾಗಿತ್ತು! ಧೈರ್ಯ ಬಂದು ಕಣ್ಣು ಬಿಗಿಯಾಗಿ ಮುಚ್ಚಿ, ನನ್ನ ಕೈಲಾದಷ್ಟು ಚೆನ್ನಾಗಿ ಗೊರಕೆ ಹೊಡೆಯಲು ಶುರುಮಾಡಿದೆ. ಏರಿಸಿದೆ, ಇಳಿಸಿದೆ, ನಡುವೆ ಒಂದು ಸಿಳ್ಳೆಯನ್ನೂ ಸೇರಿಸಿದೆ.

ಕಿವಿಯ ಹತ್ತಿರ ಅವಳ ದನಿ ಕೇಳಿಸಿತು: “ರೀ, ಐನೂರು ಚಿತ್ರಕ್ಕೆ ಕೇಳಿದೀನಿ. ನಿಮ್ಮ ನಿಜವಾದ ಗೊರಕೆ ಯಾವುದು ಅಂತ ನನಗೆ ಗೊತ್ತಿಲ್ವಾ? ನೆಟ್ಟಗೆ ಕೂತು ಸಿನಿಮಾ ನೋಡಿ.”

ನೆಟ್ಟಗೆ ಕೂತೆ. ಚಿತ್ರ ಮುಗಿಯಲು ಇನ್ನೂ ಎರಡು ಗಂಟೆ ಇತ್ತು.