ಕಂಬಳಿಯಲ್ಲಿ ತಪ್ಪು ಹುಡುಕಿದ್ದು

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನ್ನ ಮಟ್ಟಿಗೆ ಈ ಗಾದೆ ಸುಳ್ಳು. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಕೈಗೆ ಸ್ಟ್ಯಾಂಪ್ ಪ್ಯಾಡಿನ ನೀಲಿ ಮಸಿ ಬಿಟ್ಟರೆ ಬೇರೇನೂ ಮೆತ್ತಿಕೊಂಡಿಲ್ಲ. ಮೊಸರು ಮಾತ್ರ ಎರಡು ಹೊತ್ತೂ ತಪ್ಪಿಲ್ಲ. ಕೈಯಿಂದ ಮಾಡುವ ಯಾವ ಕೆಲಸವೂ ನನಗೆ ಬಾರದು. ಒಮ್ಮೆ ತೊಟ್ಟ ಅಂಗಿಗೇ ಗುಂಡಿ ಹೊಲಿಯಲು ಹೋಗಿ, ಅಂಗಿಯನ್ನು ಒಳಗಿನ ಬನಿಯನ್ನಿಗೆ ಸೇರಿಸಿ ಹೊಲಿದುಕೊಂಡಿದ್ದೆ. ನನ್ನ ಹೆಂಡತಿ ಕತ್ತರಿ ತಂದು ಬಿಡಿಸುತ್ತಾ, "ಅಲ್ರೀ, ದೇವ್ರು ನಿಮ್ಗೆ ಎರಡು ಕೈ ಯಾಕೆ ಕೊಟ್ನೋ. ಸಹಿ ಹಾಕಾಕೆ ಒಂದು ಸಾಕಾಗಿತ್ತು" ಎಂದಿದ್ದಳು. ಇಂಥ ನನ್ನನ್ನೇ ಹುಡುಕಿ ತೆಗೆದು, ಕೈಯಿಂದ ಮಾಡಿದ್ದು ಯಾವುದು, ಮೆಷಿನ್ನಿನಲ್ಲಿ ಮಾಡಿದ್ದು ಯಾವುದು ಎಂದು ತೀರ್ಮಾನಿಸುವ ಕೆಲಸಕ್ಕೆ ಹಾಕಿದರು. ಸರ್ಕಾರಿ ಕೆಲಸದಲ್ಲಿ ಇದೇನೂ ಹೊಸದಲ್ಲ. ಈಜು ಬಾರದವರೇ ಅಲ್ಲವೇ ಕೆರೆಯ ದಡದಲ್ಲಿ ನಿಂತು ಈಜುವವರಿಗೆ ಬುದ್ಧಿ ಹೇಳುವುದು.

ಚಿತ್ರದುರ್ಗದ ಕೋಟೆ ನೋಡಲು ಬಂದವರು ಬರಿಗೈಯಲ್ಲಿ ಹೋಗುವುದಿಲ್ಲ, ಏನಾದರೊಂದು ಕೊಳ್ಳುತ್ತಾರೆ. ಹಾಗಾಗಿ ಕೋಟೆಗೆ ಹೋಗುವ ರಸ್ತೆಯ ಬದಿಯಲ್ಲಿ ಸುಣ್ಣದ ಗೆರೆ ಎಳೆದು, ಕಲಾವಿದರು, ಕೈಕಸುಬಿನವರು ಎಂದು ಪರವಾನಗಿ ಚೀಟಿ ಪಡೆದವರಿಗೆ ಕೂರಲು ಜಾಗ ಮಾಡಿದ್ದೆವು. ಮುಖ್ಯ ನಿಯಮ ಒಂದೇ: ಮಾರುವವನು ಮಾಲನ್ನು ತನ್ನ ಕೈಯಿಂದಲೇ ಮಾಡಿರಬೇಕು, ಎಲ್ಲಿಂದಲೋ ತಂದು ಮಾರಬಾರದು. ಇದನ್ನು ಪತ್ತೆ ಮಾಡುವುದು ಹೇಗೆಂದು ನನಗೆ ಒಂದು ದಿನದ ತರಬೇತಿಯನ್ನೂ ಕೊಡಿಸಿದರು. ಊಟಕ್ಕೆ ಹೋಳಿಗೆ ಇತ್ತು. ಊಟವಾದ ಮೇಲೆ ನನಗೆ ಎಚ್ಚರವಾಗುವ ಹೊತ್ತಿಗೆ ತರಬೇತುದಾರರು, "ಮೆಷಿನ್ನು ತಪ್ಪು ಮಾಡುವುದಿಲ್ಲ, ಕೈ ತಪ್ಪು ಮಾಡುತ್ತದೆ" ಎನ್ನುತ್ತಿದ್ದರು. ಅದರ ಹಿಂದೆ ಮುಂದೆ ಇನ್ನೇನೇನು ಹೇಳಿದರೋ, ಅದು ನನ್ನ ಪಾಲಿಗೆ ಬರಲಿಲ್ಲ. ಈ ಒಂದು ವಾಕ್ಯವನ್ನೇ ವೇದವಾಕ್ಯ ಎಂದುಕೊಂಡು ಒಂದು ಭೂತಗನ್ನಡಿ ಕೊಂಡು ತಂದೆ.

ಅಲ್ಲಿಂದ ನನ್ನ ಕಾರುಬಾರು ಶುರುವಾಯಿತು. ತಪ್ಪಿದ್ದರೆ ಪಾಸು, ಇಲ್ಲದಿದ್ದರೆ ನಪಾಸು. ಎರಡೇ ವಾರದಲ್ಲಿ ಫುಟ್‌ಪಾತಿನವರು ನನ್ನನ್ನು ಅರೆದು ಕುಡಿದರು. ಗೊಂಬೆ ಮಾರುವ ಬಸಣ್ಣನ ಗೊಂಬೆಗಳಿಗೆ ಇದ್ದಕ್ಕಿದ್ದಂತೆ ಮೆಳ್ಳೆಗಣ್ಣು ಬಂತು. ಬ್ಯಾಗು ಮಾರುವಾಕೆ ಮನೆಯಲ್ಲೇ ಕೂತು ಒಂದೊಂದು ಬ್ಯಾಗಿನ ಒಂದೊಂದು ಹೊಲಿಗೆ ಬಿಚ್ಚಿಕೊಂಡು ಬರತೊಡಗಿದಳು. "ಸಾರ್, ಇದ್ರಾಗೆ ಎರಡು ತಪ್ಪು ಅವೆ ನೋಡ್ರಿ" ಎಂದು ಬಸಣ್ಣ ಹೆಮ್ಮೆಯಿಂದ ತೋರಿಸಿದರೆ, ನಾನು ಅಷ್ಟೇ ಹೆಮ್ಮೆಯಿಂದ ಸಹಿ ಹಾಕುತ್ತಿದ್ದೆ. ಪೆನ್ಸಿಲ್ಲಿನಲ್ಲಿ ಮುಖ ಬರೆಯುವವನೊಬ್ಬ ಪರೀಕ್ಷೆಗೆಂದು ನನ್ನ ಮುಖವನ್ನೇ ಬರೆದುಕೊಟ್ಟ. ಮೂಗು ಸೊಟ್ಟಗಿತ್ತು. ಕೈಯದೇ ಎಂದು ಪಾಸು ಮಾಡಿ ಆ ಚಿತ್ರವನ್ನು ಮನೆಗೆ ತಂದರೆ, ನನ್ನ ಹೆಂಡತಿ ಬೆಳಕಿಗೆ ಹಿಡಿದು ನೋಡಿ, "ಇದ್ರಾಗೆ ತಪ್ಪು ಎಲ್ಲೈತ್ರೀ?" ಎಂದು ಕೇಳಿದಳು.

ಇಷ್ಟರವರೆಗೆ ನಗಬಹುದು. ನಾನೂ ಇಲ್ಲಿಯವರೆಗಿನದನ್ನು ನಗುತ್ತಲೇ ಹೇಳುತ್ತೇನೆ. ಮುಂದಿನದನ್ನು ಯಾರಿಗೂ ಹೇಳಿರಲಿಲ್ಲ.

ಹಿರಿಯೂರು ಕಡೆಯ ಹರಿಯಬ್ಬೆಯಿಂದ ಕರಿಯಪ್ಪ ಎಂಬ ಅಜ್ಜ ಪರವಾನಗಿ ಕೇಳಿಕೊಂಡು ಕಚೇರಿಗೆ ಬಂದರು. ಕುರಿ ಸಾಕುವ ಮನೆತನ, ಕಂಬಳಿ ನೇಯುವ ಕೈ. ನಮೂನೆಗೆಂದು ತಂದಿದ್ದ ಕರಿ ಕಂಬಳಿಯನ್ನು ನನ್ನ ಮೇಜಿನ ಮೇಲೆ ಹಾಸಿದರು. ನೂಲು ಗಟ್ಟಿಯಾಗಲೆಂದು ಉಣಿಸಿದ ಹುಣಸೆಬೀಜದ ಗಂಜಿಯ ವಾಸನೆ ಕಚೇರಿಯ ಫೈಲುಗಳ ವಾಸನೆಯನ್ನು ಹೊಡೆದು ಹಾಕಿತು. ನಾನು ಭೂತಗನ್ನಡಿ ತೆಗೆದು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹುಡುಕಿದೆ. ಎಳೆ ಎಲ್ಲೂ ದಪ್ಪವಾಗಿರಲಿಲ್ಲ, ಎಲ್ಲೂ ಸಣ್ಣದಾಗಿರಲಿಲ್ಲ. ಅಂಚು ಸ್ಕೇಲು ಇಟ್ಟು ಗೆರೆ ಎಳೆದ ಹಾಗಿತ್ತು. ಕಳ್ಳನನ್ನು ಹಿಡಿದ ಖುಷಿಯಾಯಿತು ನನಗೆ.

"ಅಜ್ಜ, ಇದು ಮಿಲ್ಲಿನದು" ಎಂದೆ.

ಕರಿಯಪ್ಪನವರ ಮುಖ ಅರಳಿತು. "ಎಲ್ರೂ ಹಂಗೇ ಅಂತಾರೆ ಸ್ವಾಮಿ" ಎಂದರು. ಹೊಗಳಿದೆ ಎಂದುಕೊಂಡಿದ್ದರು. ನಾನು ಅರ್ಜಿಯ ಮೇಲೆ 'ತಿರಸ್ಕರಿಸಿದೆ' ಎಂದು ಬರೆದು ಓದಿ ಹೇಳಿದ ಮೇಲೆ ಆ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಅದು ಇಳಿದದ್ದನ್ನು ನಾನು ಕೂತು ನೋಡಿದೆ.

"ಎಳೆ ಎಲ್ಲೂ ತಪ್ಪಬಾರ್ದು ಅಂತ ನಮ್ಮಪ್ಪ ಬೆರಳಿಗೆ ಹೊಡ್ದು ಕಲಿಸ್ಯಾನೆ ಸ್ವಾಮಿ. ನೂಲು ನನ್ ಹೆಂಡ್ತಿ ನೂತಿದ್ದು. ಆಕಿ ಹೋಗಿ ಎಂಟು ತಿಂಗ್ಳಾತು. ಹಂಗೆ ನೂಲೋರು ಈಗ ಯಾರೂ ಇಲ್ಲ" ಎಂದರು.

"ಹಾಗಾದರೆ ನೂಲು ನಿಮ್ಮ ಕೈಯದಲ್ಲ ಎಂದಾಯಿತಲ್ಲ" ಎಂದೆ. ನಿಯಮದ ಪುಸ್ತಕ ಕೈಯಲ್ಲಿದ್ದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ಗಂಡ ಹೆಂಡ್ತಿ ಕೈ ಬ್ಯಾರೆ ಬ್ಯಾರೆ ಬರ್ಕಂತೀರೇನು ಸ್ವಾಮಿ?" ಎಂದು ಕೇಳಿದರು. ನಾನು ಮತ್ತೆ ತಪ್ಪಿನ ಮಾತಿಗೇ ಹಿಂತಿರುಗಿ, ಕೈಯಿಂದ ಮಾಡಿದ್ದಾದರೆ ಒಂದಾದರೂ ತಪ್ಪು ಇರಲೇಬೇಕು ಎಂದು ವಿವರಿಸಿದೆ. ಅವರು ಕಂಬಳಿಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಹೊರಟರು. ಹೋಗುವ ದಾರಿಯಲ್ಲಿ ಫುಟ್‌ಪಾತಿನ ಹತ್ತಿರ ನಿಂತಿದ್ದಾಗ ಬಸಣ್ಣ ಅವರನ್ನು ಕರೆದು ಕೂರಿಸಿ, "ಅಯ್ಯೋ ಅಜ್ಜ, ಅದಕ್ಕ್ಯಾಕೆ ಚಿಂತೆ. ಒಂದು ತಪ್ಪು ಹಾಕ್ಕಂಡು ಬಾ, ಸಾಹೇಬ್ರು ಕುಣ್ಕಂತ ಸಹಿ ಹಾಕ್ತಾರೆ" ಎಂದನಂತೆ. ಇದು ನನಗೆ ಆಮೇಲೆ ಗೊತ್ತಾಯಿತು.

ಒಂದು ತಿಂಗಳಾದ ಮೇಲೆ ಕರಿಯಪ್ಪ ಇನ್ನೊಂದು ಕಂಬಳಿ ತಂದರು. ನಾನು ಭೂತಗನ್ನಡಿ ಹುಡುಕುತ್ತಿದ್ದಂತೆ, "ಅದು ಬ್ಯಾಡ ಸ್ವಾಮಿ" ಎಂದು ನನ್ನ ಬೆರಳು ಹಿಡಿದು ಅಂಚಿನಿಂದ ಒಂದು ಗೇಣು ಒಳಗೆ ಇಟ್ಟರು. ಅಲ್ಲಿ ಒಂದು ಎಳೆ ಹಾರಿತ್ತು. "ಇಲ್ಲೈತೆ" ಎಂದವರೇ ಮುಖವನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡರು. ನನಗೆ ಆನಂದವೋ ಆನಂದ. 'ಕೈಯಿಂದ ತಯಾರಿಸಿದ್ದು ಖಚಿತ' ಎಂದು ಬರೆದು, ಮೊಹರು ಒತ್ತಿ, ಚೀಟಿ ಕೊಟ್ಟೆ. ನಿಯಮದಂತೆ ಪಾಸಾದ ನಮೂನೆ ಕಚೇರಿಯಲ್ಲೇ ಉಳಿಯಬೇಕು; ಕಂಬಳಿಯನ್ನು ಬೀರುವಿನಲ್ಲಿಟ್ಟೆ. ಅವರು ಚೀಟಿಯನ್ನು ಎರಡು ಸಲ ಓದಿಸಿ ಕೇಳಿ, ರುಮಾಲಿನೊಳಗೆ ಇಟ್ಟುಕೊಂಡು ಹೋದರು.

ಹೋದವರು ಮತ್ತೆ ಬರಲಿಲ್ಲ. ಸುಣ್ಣದ ಗೆರೆಯ ನಡುವೆ ಅವರ ಜಾಗ ಖಾಲಿಯಾಗಿಯೇ ಇತ್ತು. ಮೂರು ವಾರ ಖಾಲಿ ಬಿಟ್ಟರೆ ಚೀಟಿ ರದ್ದು ಎಂಬುದೂ ನಮ್ಮ ನಿಯಮವೇ. ಹಿರಿಯೂರಿನಲ್ಲಿ ಬೇರೆ ಕೆಲಸವಿದ್ದುದರಿಂದ, ನೋಟೀಸನ್ನು ನಾನೇ ಜೇಬಿನಲ್ಲಿಟ್ಟುಕೊಂಡು ಹರಿಯಬ್ಬೆಗೆ ಹೋದೆ.

"ಬರ್ರಿ ಸ್ವಾಮಿ, ಕುಂತ್ಕಳ್ರಿ" ಎಂದು ಕರಿಯಪ್ಪ ಒಳಗಿನಿಂದ ಕಂಬಳಿಯೊಂದನ್ನು ತಂದು ಜಗುಲಿಯ ಮೇಲೆ ಹಾಸಿದರು. ಮನೆಗೆ ಬಂದವರನ್ನು ಬರಿ ನೆಲದ ಮೇಲೆ ಕೂರಿಸುವ ಜನ ಅಲ್ಲ ಅವರು. ಕೂತ ಮೇಲೆ ಗೊತ್ತಾಯಿತು, ಅದು ನಾನು ಮಿಲ್ಲಿನದೆಂದು ತಿರಸ್ಕರಿಸಿದ್ದ ಕಂಬಳಿ. ಸೊಸೆ ಮಜ್ಜಿಗೆ ತಂದುಕೊಟ್ಟಳು. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಂಡಿಯ ಮೇಲೆ ಹಲಗೆ ಮುಚ್ಚಿ ಅದರ ಮೇಲೆ ಶೇಂಗಾ ಚೀಲ ಇಟ್ಟಿದ್ದರು.

"ಯಾಕಜ್ಜ, ಜಾಗಕ್ಕೆ ಬರಲೇ ಇಲ್ಲ?" ಎಂದೆ.

"ನೂಲು ಮುಗೀತಲ್ಲ ಸ್ವಾಮಿ. ಆಕಿ ನೂತಿಟ್ಟಿದ್ದು ಎರಡು ಕಂಬ್ಳಿಗೆ ಆಗೋವಷ್ಟೇ. ಒಂದು ಇದು. ಇನ್ನೊಂದು ನಿಮ್ ತಾವ ಐತೆ."

"ಮತ್ತೆ ಚೀಟಿ ಯಾಕೆ ತೆಗೆದುಕೊಂಡಿರಿ?"

ಅವರು ಗೋಡೆಯ ಕಡೆ ಕೈ ತೋರಿಸಿದರು. ಹೆಂಡತಿಯ ಫೋಟೋದ ಚೌಕಟ್ಟಿಗೆ ನನ್ನ ಸಹಿ ಇದ್ದ ಚೀಟಿಯನ್ನು ಸಿಗಿಸಿದ್ದರು. "ನೀವು ಮಿಲ್ಲಿಂದು ಅಂದ್ರಲ್ಲ. ಅಲ್ಲ, ಇದು ಕೈಯಾಗೆ ಮಾಡಿದ್ದು ಅಂತ ಒಂದು ಕಾಗ್ದ ಬೇಕಿತ್ತು ಸ್ವಾಮಿ, ಆಕಿ ಮುಂದೆ ಇಡಾಕೆ. ಆದ್ರೆ ಆಕಿ ನೂಲಿನಾಗೆ ತಪ್ಪು ಹಾಕೀನಲ್ಲ, ಅದೊಂದು ಆಕಿಗೆ ಹೇಳಿಲ್ಲ" ಎಂದರು. ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಮಜ್ಜಿಗೆಯ ಲೋಟ ಕೆಳಗಿಟ್ಟೆ. ಜೇಬಿನಲ್ಲಿದ್ದ ನೋಟೀಸನ್ನು ಜೇಬಿನಲ್ಲಿಯೇ ಮುದುಡಿಕೊಂಡು ಎದ್ದು ಬಂದೆ.

ಕರಿಯಪ್ಪನವರ ಜಾಗ ಈಗಲೂ ಖಾಲಿ ಇದೆ. ಬಸಣ್ಣ ತನ್ನ ಮೆಳ್ಳೆಗಣ್ಣಿನ ಗೊಂಬೆಗಳನ್ನು ಅತ್ತ ಸರಿಸಲು ಬಂದರೆ, "ಅದು ಪರವಾನಗಿ ಇರುವವರ ಜಾಗ ಕಣಪ್ಪ" ಎಂದು ಗದರಿಸುತ್ತೇನೆ. ಭೂತಗನ್ನಡಿಯನ್ನು ನನ್ನ ಹೆಂಡತಿ ಅಕ್ಕಿಯಲ್ಲಿ ಹುಳ ಹುಡುಕಲು ಬಳಸುತ್ತಿದ್ದಾಳೆ. ಒಮ್ಮೊಮ್ಮೆ ಕಚೇರಿಯಲ್ಲಿ ಯಾರೂ ಇಲ್ಲದಾಗ ಬೀರು ತೆಗೆದು ಆ ಕಂಬಳಿಯ ಮೇಲೆ ಬೆರಳಾಡಿಸುತ್ತೇನೆ. ಅಂಚಿನಿಂದ ಒಂದು ಗೇಣು ಒಳಗೆ ಬಂದರೆ ಆ ಎಳೆ ಸಿಗುತ್ತದೆ. ನಿಯಮದ ಪ್ರಕಾರ ಮಾಲೆಲ್ಲ ಅರ್ಜಿದಾರನ ಕೈಯದೇ ಆಗಿರಬೇಕು, ಬೇರೆಯವರ ಕೈ ಬೀಳಬಾರದು. ಹಾಗೆ ನೋಡಿದರೆ ಆ ಕಂಬಳಿಯನ್ನು ನಾನು ಪಾಸು ಮಾಡಬಾರದಿತ್ತು. ಉಳಿದದ್ದೆಲ್ಲ ಅವರಿಬ್ಬರ ಕೈಯದು, ಆ ತಪ್ಪೊಂದು ಮಾತ್ರ ನನ್ನ ಕೈಯದು. ನೌಕರಿಗೆ ಸೇರಿದಂದಿನಿಂದ ಈ ಕೈಯಿಂದ ನಾನು ಮಾಡಿದ ಮಾಲು ಅದೊಂದೇ.