ಹಾವಿಗೆ ಕಾವು ಕೊಟ್ಟದ್ದು

ವಾದದಲ್ಲಿ ಸೋಲುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ಮೇಲು ಎಂದು ನಂಬಿದವನು ನಾನು. ಹಾಸನದಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಯಲ್ಲಿ ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತಿದ್ದೆ. ಒಮ್ಮೆ ಬೆಳಗ್ಗೆ ಪಾನನಿರೋಧದ ಪರವಾಗಿ ಮಾತಾಡಿ, ಮಧ್ಯಾಹ್ನ ಎದುರು ಪಕ್ಷದವನಿಗೆ ಜ್ವರ ಬಂದದ್ದರಿಂದ ಅವನ ಬದಲಿಗೆ ವಿರುದ್ಧವಾಗಿಯೂ ಮಾತಾಡಿ, ಎರಡು ಸಲವೂ ಚಪ್ಪಾಳೆ ಗಿಟ್ಟಿಸಿದ್ದುಂಟು. ಇಂಥವನು ಹೊಳೆನರಸೀಪುರದ ಹೈಸ್ಕೂಲೊಂದಕ್ಕೆ ವಿಜ್ಞಾನದ ಮೇಷ್ಟ್ರಾಗಿ ಬಂದರೆ ಏನಾಗಬೇಕೋ ಅದೇ ಆಯಿತು. ಬಂದ ತಿಂಗಳಲ್ಲೇ ಕನ್ನಡ ಪಂಡಿತರ ಜೊತೆ ಜಟಾಪಟಿಗೆ ನಿಂತೆ.

ಜಟಾಪಟಿ ಎರಡು ತಲೆ ಹಾವಿನ ಮೇಲೆ. ಮೊಂಡು ಬಾಲವೂ ತಲೆಯಂತೆಯೇ ಕಾಣುವ, ವಿಷವಿಲ್ಲದ, ಮಣ್ಣಲ್ಲಿ ಹುದುಗಿರುವ ಸಾಧು ಪ್ರಾಣಿ ಅದು. ಪಂಡಿತರು, "ಆರು ತಿಂಗಳು ಈ ಕಡೆ ತಲೆ, ಆರು ತಿಂಗಳು ಆ ಕಡೆ ತಲೆ. ನಮ್ಮ ತಾತ ಕಣ್ಣಾರೆ ಕಂಡಿದ್ದಾರೆ ಕಣಯ್ಯ" ಎಂದರು.

"ನಿಮ್ಮ ತಾತ ಆರು ತಿಂಗಳೂ ಅದರ ಪಕ್ಕದಲ್ಲೇ ಕೂತಿದ್ದರೇ ಸಾರ್?"

"ನೀನು ಕೂತು ತೋರಿಸು, ನೋಡೋಣ."

ಕೂತೆ. ಹಳ್ಳಿಮೈಸೂರಿನ ರೈತರೊಬ್ಬರು ಹೊಲ ಉಳುವಾಗ ಸಿಕ್ಕ ಹಾವನ್ನು ಚೀಲದಲ್ಲಿ ತಂದುಕೊಟ್ಟರು. ಮರದ ಪೆಟ್ಟಿಗೆಗೆ ತಂತಿಬಲೆ ಹೊಡೆದು, ಒಳಗೆ ಮರಳು, ಗೋಣಿ ಹಾಸಿ ನನ್ನ ಬಾಡಿಗೆ ಕೋಣೆಯಲ್ಲಿಟ್ಟೆ. ಹಾವಿನ ಬಾಲದ ಮೇಲೊಂದು ಹಳೇ ಗಾಯದ ಗುರುತಿತ್ತು; ಆರು ತಿಂಗಳು ತುಂಬಿದ ದಿನ ಪಂಡಿತರು ಬಂದು ತಲೆ ಆ ತುದಿಗೆ ಬಂದಿದೆಯೇ ಎಂದು ನೋಡಬೇಕು. ಅಂದು ಜೀವಂತ ಹಾವನ್ನು ತೋರಿಸಲಾಗದಿದ್ದರೆ ನಾನು ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಸೋಲೊಪ್ಪಬೇಕು. ಇದು ಕರಾರು.

ಐದು ತಿಂಗಳು ಹಾವು ಇಲಿ ತಿಂದುಕೊಂಡು ಹಾಯಾಗಿತ್ತು. ಆಷಾಢದ ಗಾಳಿ ಬೀಸಿದ್ದೇ ತಡ, ಇಲಿಗೆ ಬೆನ್ನು ತಿರುಗಿಸಿತು. (ಹಾವಿನ ಬೆನ್ನು ಎಲ್ಲಿ ಮುಗಿಯುತ್ತದೆ ಎಂಬುದು ಬೇರೆ ಚರ್ಚೆ.) ಮುಟ್ಟಿದರೆ ತಣ್ಣಗೆ. ತನ್ನ ಮೈಗೆ ಬೇಕಾದ ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದ ಜೀವಿ, ಹೊರಗಿನಿಂದ ಕೊಡಬೇಕು ಎಂದು ಪುಸ್ತಕದಲ್ಲಿ ಓದಿದ್ದೆ. ಎಷ್ಟು, ಹೇಗೆ ಎಂಬುದನ್ನು ತರ್ಕದಿಂದ ಊಹಿಸಿ, ಒಂದು ಭಾನುವಾರ ಬೆಳಗ್ಗೆ ಅರವತ್ತು ಕ್ಯಾಂಡಲಿನ ಬಲ್ಬನ್ನು ಪೆಟ್ಟಿಗೆಯೊಳಕ್ಕೇ ಇಳಿಬಿಟ್ಟೆ. ಕಾಫಿ ಕುಡಿದು ಬರುವಷ್ಟರಲ್ಲಿ ಗೋಣಿ ಹೊಗೆಯಾಡುತ್ತಿತ್ತು.

ಮನೆಯ ಒಡತಿ ಶಿವಮ್ಮ ಓಡಿಬಂದು ಬಲ್ಬು ಕಿತ್ತು, ಗೋಣಿಯನ್ನು ಅಂಗಳಕ್ಕೆಸೆದರು. "ಏನ್ ಮೇಷ್ಟ್ರೇ, ಆವು ಸಾಕ್ತಿದ್ದೀರೋ, ಸುಟ್ಟುಕೊಂಡು ತಿನ್ನಾಕೆ ಒಂಟಿದ್ದೀರೋ?"

ಈ ಅಜ್ಜಿ ನಮ್ಮ ಬೀದಿಯ ಬಾಣಂತನಗಳನ್ನೆಲ್ಲ ಮಾಡಿದವರು. ಮರಳಿನ ಮೂಲೆಯಲ್ಲಿ ಮುದುಡಿದ್ದ ಹಾವನ್ನು ಬಗ್ಗಿ ನೋಡಿ, "ಇದು ಬಸುರಿ ಕಣ್ರೀ" ಎಂದರು.

"ಹಾವು ಮೊಟ್ಟೆ ಇಡುತ್ತೆ ಅಜ್ಜಿ, ಬಸುರಾಗಲ್ಲ" ಎಂದು ನಾನು ಮೂರು ಕಾರಣ ಕೊಟ್ಟೆ.

"ಅದ್ಸರಿ. ನೀವೆಷ್ಟು ಬಾಣಂತನ ಮಾಡಿದ್ದೀರಿ, ಯೇಳಿ."

ಚರ್ಚಾಸ್ಪರ್ಧೆಯಲ್ಲಾದರೆ ಇಂಥ ಪ್ರಶ್ನೆಗೆ ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಇಲ್ಲಿ ಅಧ್ಯಕ್ಷರೂ ಅವರೇ. "ಕಾವು ಒಳಗೆ ಇಕ್ಬಾರ್ದು, ಒರಗೆ ಇಕ್ಬೇಕು. ಒಂದು ಮಗ್ಗುಲು ಬೆಚ್ಚಗೆ, ಒಂದು ಮಗ್ಗುಲು ತಣ್ಣಗೆ. ಸೆಕೆ ಆದ್ರೆ ಬಾಣ್ತಿ ಆಚೆ ಮಗ್ಗುಲಿಗೆ ಒರಳ್ಬೇಡ್ವಾ?" ಎನ್ನುತ್ತಾ ನೀರೊಲೆಯಲ್ಲಿ ಇಟ್ಟಿಗೆ ಕಾಯಿಸಿ, ಕಂಬಳಿಯಲ್ಲಿ ಸುತ್ತಿ, ಪೆಟ್ಟಿಗೆಯ ಒಂದು ತುದಿಗೆ ಹೊರಗಿನಿಂದ ಒತ್ತಿಟ್ಟರು. ಒಳಗೆ ಮಣಿಕಟ್ಟಿಟ್ಟು ನೋಡಿ, "ಸಾಕು" ಎಂದರು. ನಾನು ಶಾಲೆಯ ಥರ್ಮಾಮೀಟರ್ ಇಟ್ಟು ನೋಡಿದೆ: ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್. ಅವರು "ಸಾಕು" ಎಂದಾಗಲೆಲ್ಲ ಎಂಬತ್ತೆಂಟೇ. ಕಾಕತಾಳೀಯ ಎಂದು ನಾಲ್ಕು ದಿನ ವಾದಿಸಿ, ಐದನೆಯ ದಿನ ಥರ್ಮಾಮೀಟರನ್ನು ಶಾಲೆಗೆ ಹಿಂದಿರುಗಿಸಿದೆ. ಹಾವು ಬೆಚ್ಚಗಿನ ತುದಿಗೆ ಹರಿದು ಮೈ ಸಡಿಲಿಸಿತು.

ಶ್ರಾವಣದಲ್ಲಿ ಒಂದು ಬೆಳಗ್ಗೆ ನೋಡಿದರೆ ಪೆಟ್ಟಿಗೆಯಲ್ಲಿ ಒಂಬತ್ತು ಮರಿಗಳು. ಮೊಟ್ಟೆಯ ಸುಳಿವೇ ಇಲ್ಲ. ವಾದಕ್ಕೆ ಇಷ್ಟು ಸಾಕೆಂದು ಮುಚ್ಚಿಟ್ಟಿದ್ದ ಪುಸ್ತಕ ತೆರೆದು ಮುಂದಿನ ಪುಟ ಓದಿದೆ: ಕೆಲವು ಹಾವುಗಳು ಮರಿಯನ್ನೇ ಹಾಕುತ್ತವಂತೆ. ಶಿವಮ್ಮ ಪೆಟ್ಟಿಗೆಗೆ ಹಳೇ ಸೀರೆಯ ಪರದೆ ಕಟ್ಟಿ, "ನಲವತ್ತು ದಿನ ಒರಗಿನೋರು ಯಾರೂ ಇಣುಕಂಗಿಲ್ಲ. ದೃಷ್ಟಿ ಆಯ್ತದೆ" ಎಂದು ಅಪ್ಪಣೆ ಮಾಡಿದರು.

ಎಂಟನೇ ದಿನಕ್ಕೆ ನಮ್ಮ ಆರು ತಿಂಗಳು ತುಂಬಿತು. ಪಂಡಿತರು ಕನ್ನಡಕ ಒರೆಸಿಕೊಳ್ಳುತ್ತಾ ಬಂದರು. ಹಾವಿನ ತಲೆ ಮೊದಲಿದ್ದ ಕಡೆಯೇ ಇತ್ತು. ಪರದೆ ಎತ್ತಿದ್ದರೆ ಗೆಲುವು ನನ್ನದು. ಬಾಗಿಲಿಗೆ ಅಡ್ಡ ನಿಂತಿದ್ದ ಶಿವಮ್ಮ ನನ್ನ ಕಡೆ ತಿರುಗಿ, "ನೀವೇ ಯೇಳಿ ಮೇಷ್ಟ್ರೇ ಅವ್ರಿಗೆ" ಎಂದರು. ಕಂಬಳಿ ಹಿಡಿದಿದ್ದ ಅವರ ಬೆರಳುಗಳಲ್ಲಿ ಇಟ್ಟಿಗೆ ಸುಟ್ಟ ಗುರುತುಗಳಿದ್ದವು. "ನಲವತ್ತು ದಿನ ನೋಡುವಂತಿಲ್ಲ ಸಾರ್, ದೃಷ್ಟಿಯಾಗುತ್ತೆ" ಎಂದೆ.

"ಹಾವಿಗೆ ಎಂಥ ದೃಷ್ಟಿಯಯ್ಯಾ? ಯಾವ ಶಾಸ್ತ್ರದಲ್ಲಿದೆ?" ಎಂದರು ಪಂಡಿತರು.

"ಆಗೋದಿಲ್ಲ ಅನ್ನೋದಕ್ಕೆ ನಿಮ್ಮ ಹತ್ತಿರ ಏನು ಆಧಾರ ಇದೆ ಸಾರ್?" ಎಂದೆ. ಮುಕ್ಕಾಲು ಗಂಟೆ ವಾದಿಸಿದೆ. ಗಾಳಿ, ಗಾಬರಿ, ಹಸಿ ಮೈ, ತಾಯಿಯ ಮನಸ್ಸು, ಯಾವುದನ್ನೂ ಬಿಡಲಿಲ್ಲ. ಪಂಡಿತರು ಬೆವರೊರೆಸಿಕೊಂಡು, "ಒಪ್ಪಿದೆ ಮಾರಾಯ, ನೋಡಲ್ಲ" ಎಂದು ಹೊರಟೇಹೋದರು.

ಕರಾರಿನಂತೆ ಮರುದಿನ ಸ್ಟಾಫ್ ರೂಮಿನಲ್ಲಿ ಸೋಲೊಪ್ಪಲು ಎದ್ದು ನಿಂತೆ. ಸೋಲನ್ನು ಮೂರು ಅಂಶಗಳಾಗಿ ವಿಂಗಡಿಸಿಕೊಂಡು ಹೋಗಿದ್ದೆ. ಎರಡನೆಯದರ ನಡುವೆ ಪಂಡಿತರು ಕೈಮುಗಿದು, "ನೀನೇ ಗೆದ್ದೆ ಅಂತ ಇಟ್ಕೊಳಯ್ಯಾ, ಕೂತ್ಕೋ" ಎಂದರು. ನಾನು ಒಪ್ಪಲಿಲ್ಲ. ಮೂರನೆಯ ಅಂಶ ಇನ್ನೂ ಬಾಕಿಯಿತ್ತು.