ಹನ್ನೆರಡನೆಯ ಹೆಜ್ಜೆ

ನೆಲ ಒರೆಸುವಾಕೆ ಕುರ್ಚಿಯನ್ನು ಮೂರು ಹೆಜ್ಜೆ ಮುಂದಕ್ಕೆ ಸರಿಸಿ ಹೋದದ್ದೇ ಎಲ್ಲಕ್ಕೂ ಮೂಲ.

ಚಿತ್ರಶಾಲೆಯ ಮುದಿ ಕಾವಲುಗಾರ ಎಂದಿನಂತೆ ದೇವರನ್ನು ನೆನೆದು ಕುಳಿತು ತಲೆಯೆತ್ತಿದ. ಎದುರಿನ ಚಿತ್ರದಲ್ಲಿ ಹೊಳೆಯ ದಂಡೆ, ಹುಲ್ಲಿನ ಮೇಲೆ ರಜೆಯ ದಿನ ಕಳೆಯುವ ಜನ. ಅವರ ನಡುವೆ, ಒಲೆಯ ಮೇಲೆ ಹಾಲಿಟ್ಟು ಬಂದವಳಂತೆ ಕತ್ತು ವಾಲಿಸಿ ಕುಳಿತ ಕೊಡೆಯ ಹೆಂಗಸು. ಹೋದ ವರ್ಷ ತೀರಿಕೊಂಡ ಅವನ ಹೆಂಡತಿಯೇ ಅವಳು. ಹನ್ನೆರಡು ಹೆಜ್ಜೆ ದೂರದಿಂದ ನೋಡಿದರೆ ಮಾತ್ರ. ಇಂದು ಅವಳಿರಲಿಲ್ಲ. ಕೆನ್ನೆಯಿದ್ದಲ್ಲಿ ಕಿತ್ತಳೆ, ಗುಲಾಬಿ, ನೀಲಿ ಚುಕ್ಕೆಗಳು, ಯಾರೋ ಕಾಳು ಚೆಲ್ಲಿ ಎದ್ದು ಹೋದಂತೆ.

ಕುರ್ಚಿಯನ್ನು ಹಿಂದಕ್ಕೆಳೆದ. ಹನ್ನೆರಡನೆಯ ಹೆಜ್ಜೆಗೆ ಹಳದಿಯೂ ನೀಲಿಯೂ ಕೂಡಿ ಹುಲ್ಲಾಯಿತು, ಕಿತ್ತಳೆ ಬಿಸಿಲಾಯಿತು, ಅವಳು ಬಂದಳು.

"ಎಲ್ಲಿ ಹೋಗಿದ್ದೆ?" ಎಂದು ಮೆಲ್ಲಗೆ ಕೇಳಿ, ಮತ್ತೆ ತಪ್ಪದಿರಲೆಂದು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದ.

"ಏನಣ್ಣಾ ಇದು, ಈಗ ತಾನೇ ಒರೆಸಿದ್ದೆ," ಎಂದಳು ನೆಲ ಒರೆಸುವಾಕೆ.

"ಚಿತ್ರ ಇಲ್ಲಿಂದ ನೋಡ್ಬೇಕಮ್ಮ," ಎಂದ, ಗುಟ್ಟು ಮುಚ್ಚಲು.

ಆಕೆ ಗೆರೆಯ ಮೇಲೆ ನಿಂತಳು. "ಮರದ ಕೆಳಗಿರೋದು ನಮ್ಮತ್ತೆ ಅಲ್ವಾ? ಇಲ್ಲೂ ಕಾಲು ಚಾಚಿ ಕೂತಿದ್ದಾರೆ."

ಸುದ್ದಿ ಟಿಕೆಟ್ ಕೊಡುವವನಿಗೆ ಮುಟ್ಟಿತು. ಅವನು ಬಂದು ನೋಡಿದರೆ, ಮುನಿಸಿಕೊಂಡು ಮನೆ ಬಿಟ್ಟ ತಮ್ಮ ಚಿತ್ರದ ಹೊಳೆಯಲ್ಲಿ, ದೋಣಿಯ ಮೇಲೆ. ಮೂಗು ಒರೆಸಿಕೊಂಡು ಹೋದವನು ಬಂದಬಂದವರಿಗೆಲ್ಲ, "ಗೆರೆ ಮೇಲೆ ನಿಲ್ಲಿ, ನಿಮ್ಮೋರು ಸಿಗ್ತಾರೆ," ಎನ್ನತೊಡಗಿದ. ಮಧ್ಯಾಹ್ನದ ಹೊತ್ತಿಗೆ ಗೆರೆಯ ಮೇಲೆ ಸಕ್ಕರೆಗೆ ಮುತ್ತಿದ ಇರುವೆಗಳಂತೆ ಜನ. ಕಾವಲುಗಾರನ ಕುರ್ಚಿ ಮೂಲೆಗೆ ಸೇರಿತು.

"ಒಂಚೂರು ಜಾಗ ಬಿಡ್ರಪ್ಪ."

"ಸರದೀಲಿ ಬನ್ನಿ ತಾತ. ಎಲ್ಲರಿಗೂ ಅವರವರ ಜನ ಇರ್ತಾರೆ."

ಸಂಜೆ ಜನ ತುಸು ತೆಳುವಾದಾಗ ಒದ್ದೆ ಬಟ್ಟೆ ಹಿಡಿದು, ಮಂಡಿಯೂರಿ, ಗೆರೆ ಅಳಿಸಲು ಕೂತ. ಎದುರಿಗೆ ಹೊಳೆಯುವ ಎರಡು ಬೂಟುಗಳು ಬಂದು ನಿಂತವು. ಮೇಲಧಿಕಾರಿ.

"ಎಳೆದಿದ್ದು ಯಾರು?"

"ನಾನೇ ಸಾರ್. ಅಳಿಸ್ತಾ ಇದ್ದೀನಿ."

"ಅಳಿಸಬೇಡಿ. ಈ ಕೋಣೇಲಿ ಇಷ್ಟು ಜನ ನಾನು ಕಂಡೇ ಇಲ್ಲ. ಗೆರೆ ಮೇಲೆ ಬೆಂಚು ಹಾಕಿಸ್ತೀನಿ. ಯಾರೂ ದಾಟದ ಹಾಗೆ ನೋಡ್ಕೊಳ್ಳೋಕೆ ನಿಮ್ಮ ಕುರ್ಚಿ ಚಿತ್ರದ ಕೆಳಗೇ ಇರಲಿ. ಗೌರವದ ಜಾಗ."

ಆಗಲೇ ಕುರ್ಚಿ ಅಲ್ಲಿಗೆ ಬಂತು. ಅವನು ಗೋಡೆಗೆ ಬೆನ್ನು ಹಾಕಿ ಕುಳಿತ. ಎದುರಿಗೆ, ಕನಸಿನಲ್ಲಿರುವಂತೆ ಬಾಯಿ ತೆರೆದು ತಮ್ಮವರನ್ನು ನೋಡುತ್ತಿದ್ದ ಮುಖಗಳು. ಬೆನ್ನ ಹಿಂದೆ, ಒಂದು ಗೇಣಿನಾಚೆ, ಚುಕ್ಕೆ ಚುಕ್ಕೆಯಾಗಿ ಅವಳು.

"ತಾತ," ಎಂದರು ಯಾರೋ, "ಸ್ವಲ್ಪ ತಲೆ ತಗ್ಗಿಸ್ತೀರಾ? ಆ ಕೊಡೆ ಹಿಡಿದ ಅಮ್ಮ ಕಾಣ್ತಿಲ್ಲ."

ಅವನು ತಗ್ಗಿಸಿದ.